ಪೆಟ್ಟಿ ಅನ್ನೋ ಪದ: ಎಲ್ಲಿ ಬರೀ ಸಣ್ಣದು, ಎಲ್ಲಿ ಬೈಗುಳ

ಕೆಲಸಕ್ಕೆ ಸೇರಿದ ಹೊಸತು. ಒಂದು ವರದಿ ಬರೆದು ಹಿರಿಯ ಸಹೋದ್ಯೋಗಿಯೊಬ್ಬರಿಗೆ ಕಳಿಸಿದ್ದೆ. ಅವರು ಪುಟಪುಟಕ್ಕೂ ಕೆಂಪು ಗುರುತು ಹಾಕಿ ವಾಪಸ್ ಕಳಿಸಿದರು. ನೋಡಿದರೆ ಎಲ್ಲವೂ ಅಲ್ಪವಿರಾಮ, ಸ್ಪೆಲಿಂಗು, ಎರಡು ಕಡೆ ದಿನಾಂಕ. ಅಬ್ಬಾ, ದೊಡ್ಡ ತಪ್ಪೇನಿಲ್ಲ ಅಂತ ಖುಷಿಯಾಗಿ ಇಂಗ್ಲಿಷಿನಲ್ಲಿ ಉತ್ತರ ಹೊಡೆದೆ: 'ಥ್ಯಾಂಕ್ ಯೂ ಸರ್, ಐ ಹ್ಯಾವ್ ಮೇಡ್ ಆಲ್ ಯುವರ್ ಪೆಟ್ಟಿ ಕರೆಕ್ಷನ್ಸ್.'

ಹತ್ತು ನಿಮಿಷಕ್ಕೆ ಫೋನ್ ಬಂತು.

'ಏನಪ್ಪಾ, ಎರಡು ಗಂಟೆ ಕೂತು ತಿದ್ದಿದೀನಿ. ನಿಂಗದು ಪೆಟ್ಟಿ ಅನ್ನಿಸ್ತಾ?'

ನಾನು ಹೇಳಬೇಕೆಂದಿದ್ದು 'ಸಣ್ಣಪುಟ್ಟ ತಿದ್ದುಪಡಿ'. ಅವರ ಕಿವಿಗೆ ಬಿದ್ದಿದ್ದು 'ನಿಮ್ಮ ಚಿಲ್ಲರೆ ತಕರಾರು'. ಪೆಟ್ಟಿ ಕ್ಯಾಶ್, ಪೆಟ್ಟಿ ಕೇಸ್, ಪೆಟ್ಟಿ ಶಾಪ್ ಅಂತ ದಿನಾ ಕೇಳಿ ಕೇಳಿ, ಆ ಪದಕ್ಕೆ ಸಣ್ಣದು ಅಂತಷ್ಟೇ ಅರ್ಥ ಅಂದುಕೊಂಡಿದ್ದೆ. ಅದಕ್ಕೆ ಇನ್ನೊಂದು ಮುಖ ಇದೆ ಅಂತ ಗೊತ್ತಾಗಿದ್ದು ಆ ಫೋನಿನಿಂದ. ನಿಮಗೆ ಅಂಥ ಫೋನ್ ಬರದಿರಲಿ ಅಂತ ಈ ಪದವನ್ನು ಹೇಗೆ ಹಿಡಿಯಬೇಕು, ಎಲ್ಲಿ ಬಿಡಬೇಕು ಅಂತ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಬರೆಯೋದು, ಹೇಳೋದು

ಪಿ, ಇ, ಎರಡು ಟಿ, ಕೊನೆಗೆ ವೈ. ನಾವು 'ಟ್ಟಿ' ಅಂತ ಒತ್ತಿ ಹೇಳುತ್ತೇವೆ. ಇಂಗ್ಲಿಷ್ ಮನೆಮಾತಿನವರು ಎರಡು ಟಿ ಬರೆದರೂ ಒಂದನ್ನೇ ನುಡಿಯುತ್ತಾರೆ, 'ಪೆಟಿ' ಅಂತ ಹಗುರಾಗಿ. ಅಮೆರಿಕದವರ ಬಾಯಲ್ಲಿ ಅದು ಹೆಚ್ಚುಕಡಿಮೆ 'ಪೆಡಿ' ಅಂತ ಕೇಳುತ್ತದೆ. ನಮ್ಮ ಆಫೀಸುಗಳಲ್ಲಿ ಒತ್ತಿ ಹೇಳಿದರೂ ಯಾರಿಗೂ ಗೊಂದಲವಾಗಲ್ಲ, ಹಾಗಾಗಿ ಇಲ್ಲಿ ಪೆಟ್ಟಿ ಅಂತಲೇ ಬರೆಯುತ್ತೇನೆ.

ಹೋಲಿಸಿ ಹೇಳುವಾಗ ಕೊನೆಯ ವೈ ಹೋಗಿ ಐ ಬರುತ್ತದೆ: ಪೆಟ್ಟಿಯರ್, ಪೆಟ್ಟಿಯೆಸ್ಟ್. ಆ ಗುಣಕ್ಕೆ ಪೆಟ್ಟಿನೆಸ್, ಅಂದರೆ ಸಣ್ಣತನ. ಒಂದು ಎಚ್ಚರಿಕೆ. ಪ್ರೆಟಿ ಅಂತ ಟೈಪ್ ಮಾಡುವಾಗ ಆರ್ ಅಕ್ಷರ ಬಿಟ್ಟುಹೋದರೆ ಉಳಿಯುವುದು ಪೆಟ್ಟಿ. ಫೋನಿನ ತಪ್ಪು ಹಿಡಿಯೋ ಯಂತ್ರ ಅದನ್ನು ಹಿಡಿಯೋದೂ ಇಲ್ಲ, ಯಾಕಂದ್ರೆ ಅದೂ ಸರಿಯಾದ ಪದವೇ. ಮದುವೆ ಫೋಟೊ ಕೆಳಗೆ 'ಯು ಲುಕ್ ಸೋ ಪೆಟ್ಟಿ' ಅಂತ ಹಾಕಿ ಅರ್ಧ ದಿನ ಬಿಟ್ಟು ನೋಡಿಕೊಂಡವರನ್ನು ನಾನು ಬಲ್ಲೆ.

ಹೆಜ್ಜೆ 2: ತವರುಮನೆ ನೋಡಿ ಬನ್ನಿ

ಈ ಪದ ಫ್ರೆಂಚಿನ ಪೆತಿ ಅನ್ನುವುದರಿಂದ ಬಂದಿದ್ದು. ಅಲ್ಲಿ ಅದಕ್ಕೆ ಅರ್ಥ ಚಿಕ್ಕದು, ಅಷ್ಟೇ. ಮಗು ಚಿಕ್ಕದು, ಮನೆ ಚಿಕ್ಕದು, ಯಾವುದಕ್ಕೂ ಬೈಗುಳವಿಲ್ಲ. ಇಂಗ್ಲೆಂಡಿನವರು ಅದನ್ನು ತಗೊಂಡು ಕಿವಿಗೆ ಕೇಳಿದ ಹಾಗೆ ಬರೆದುಕೊಂಡರು. ಆಗ ಅದರ ಕೆಲಸ ದೊಡ್ಡದರಿಂದ ಚಿಕ್ಕದನ್ನು ಬೇರೆ ಮಾಡಿ ತೋರಿಸೋದು. ಕೋರ್ಟಿನಲ್ಲಿ ಕೂರುವ ಜನರ ದೊಡ್ಡ ಮಂಡಳಿ ಗ್ರ್ಯಾಂಡ್ ಜ್ಯೂರಿ, ಚಿಕ್ಕದು ಪೆಟ್ಟಿ ಜ್ಯೂರಿ. ಗ್ರ್ಯಾಂಡ್ ಲಾರ್ಸನಿ ಅಂದರೆ ದೊಡ್ಡ ಕಳ್ಳತನ, ಪೆಟ್ಟಿ ಲಾರ್ಸನಿ ಅಂದರೆ ಚಿಕ್ಕ ಕಳ್ಳತನ.

ಇದರಲ್ಲಿ ಬೆಚ್ಚಿಬೀಳಿಸೋದು ಪೆಟ್ಟಿ ಟ್ರೀಸನ್. 1351ರ ಇಂಗ್ಲಿಷ್ ಕಾನೂನಿನಲ್ಲಿ ರಾಜನಿಗೆ ಮಾಡುವ ದ್ರೋಹ ದೊಡ್ಡದು, ಹೈ ಟ್ರೀಸನ್. ಸೇವಕ ಯಜಮಾನನನ್ನು ಕೊಂದರೆ, ಹೆಂಡತಿ ಗಂಡನನ್ನು ಕೊಂದರೆ ಅದು ಪೆಟ್ಟಿ ಟ್ರೀಸನ್. ಕೊಲೆಗೇ ಪೆಟ್ಟಿ ಅನ್ನೋ ಹೆಸರು! ಶಿಕ್ಷೆಯಂತೂ ಪೆಟ್ಟಿ ಆಗಿರಲಿಲ್ಲ. 1790ರವರೆಗೂ ಹೆಂಗಸರಿಗೆ ಇದಕ್ಕೆ ವಿಧಿಸುತ್ತಿದ್ದದ್ದು ಸುಡುವ ಶಿಕ್ಷೆ. ಆ ಅಪರಾಧವೇ ಬೇರೆ ಅನ್ನೋ ಲೆಕ್ಕ 1828ರಲ್ಲಿ ಹೋಯಿತು. ಅಲ್ಲಿ ಪೆಟ್ಟಿ ಅಂದರೆ 'ರಾಜದ್ರೋಹಕ್ಕಿಂತ ಒಂದು ಮೆಟ್ಟಿಲು ಕೆಳಗೆ' ಅಂತ ಮಾತ್ರ.

ನಮ್ಮ ಮನೆಗಳಲ್ಲಿ ತೊಡುವ ಪೆಟಿಕೋಟೂ ಇದೇ ಬಳಗದ್ದು. ಪೆಟ್ಟಿ ಕೋಟ್, ಅಂದರೆ ಚಿಕ್ಕ ಕೋಟು. ಮೊದಲು ಗಂಡಸರು ಮೇಲಂಗಿಯ ಒಳಗೆ ತೊಡುತ್ತಿದ್ದ ಗಿಡ್ಡ ಅಂಗಿಗೂ ಆ ಹೆಸರಿತ್ತು. ಆಮೇಲೆ ಅದು ಹೆಂಗಸರ ಒಳಲಂಗವಾಯಿತು.

ಮನಸ್ಸು ಸಣ್ಣದು ಅನ್ನೋ ಅರ್ಥ ಬಂದು ಸೇರಿಕೊಂಡಿದ್ದು ಈ ಅಳತೆಯ ಅರ್ಥ ಬಂದ ಮೇಲೆ, ಹದಿನಾರನೇ ಶತಮಾನದ ಹೊತ್ತಿಗೆ. ಹಳೆಯ ಅರ್ಥ ಮನೆ ಬಿಟ್ಟು ಹೋಗಲಿಲ್ಲ, ಹೊಸದೂ ಅದರ ಜೊತೆಗೇ ಉಳಿಯಿತು. ತೊಂದರೆ ಇರೋದೇ ಅಲ್ಲಿ.

ಹೆಜ್ಜೆ 3: ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡಿ

ಇಡೀ ಬರಹದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಪೆಟ್ಟಿ ಅನ್ನೋದು ಪಕ್ಕದ ಪದದಿಂದ ಬಣ್ಣ ಪಡೆಯುತ್ತದೆ. ಪಕ್ಕದಲ್ಲಿ ದುಡ್ಡು, ಹುದ್ದೆ, ಅಂಗಡಿ, ಕೇಸು ಇದ್ದರೆ ಅದು ಬರೀ ಅಳತೆ. ಮನುಷ್ಯ, ಮಾತು, ನಡತೆ, ಜಗಳ, ಸೇಡು ಇದ್ದರೆ ಅದು ಬೈಗುಳ.

ಕಷ್ಟ ಅನ್ನಿಸ್ತಾ? ಕನ್ನಡದಲ್ಲಿ ನಾವು ಇದನ್ನು ಯೋಚಿಸದೆಯೇ ಮಾಡುತ್ತೇವೆ. ಚಿಕ್ಕಪ್ಪ ಅಂದರೆ ಅಪ್ಪನಿಗಿಂತ ಕಿರಿಯರು, ಅಷ್ಟೇ. ಚಿಕ್ಕಬಳ್ಳಾಪುರದವರು ದೊಡ್ಡಬಳ್ಳಾಪುರದವರ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ಆದರೆ 'ಅವನು ಬಹಳ ಸಣ್ಣ ಮನುಷ್ಯ ಕಣ್ರೀ' ಅಂದರೆ ಆರಡಿ ಎತ್ತರದವನಿಗೂ ಆ ಮಾತು ಹತ್ತುತ್ತದೆ. ಸಣ್ಣ ಸಾಲ, ಸಣ್ಣ ಉಳಿತಾಯ ಅಂದರೆ ಮರ್ಯಾದೆಯ ಮಾತು. ಸಣ್ಣ ಬುದ್ಧಿ ಅಂದರೆ ಅಲ್ಲ.

ಸಣ್ಣ ಅನ್ನೋದಕ್ಕಿಂತ ಹತ್ತಿರದ ಜೋಡಿ ಇನ್ನೊಂದಿದೆ: ಚಿಲ್ಲರೆ. ಚಿಲ್ಲರೆ ಖರ್ಚು ಅಂದರೆ ಯಾರಿಗೂ ಬೇಜಾರಿಲ್ಲ. ಚಿಲ್ಲರೆ ಬುದ್ಧಿ ಅಂದು ನೋಡಿ! ನಿಮಗೆ ಅನುಮಾನ ಬಂದಾಗಲೆಲ್ಲ ಪೆಟ್ಟಿ ಇರುವ ಜಾಗದಲ್ಲಿ ಮನಸ್ಸಿನಲ್ಲೇ ಚಿಲ್ಲರೆ ಅಂತ ಹಾಕಿ ಓದಿ. 'ನಿಮ್ಮ ಚಿಲ್ಲರೆ ತಿದ್ದುಪಡಿಗಳನ್ನು ಮಾಡಿದ್ದೇನೆ ಸರ್.' ನಾನು ಅವತ್ತು ಹೀಗೆ ಓದಿಕೊಂಡಿದ್ದರೆ ಮೇಲ್ ಕಳಿಸುತ್ತಲೇ ಇರಲಿಲ್ಲ.

ಹೆಜ್ಜೆ 4: ಪೆಟ್ಟಿ ಕ್ಯಾಶ್ ಪೆಟ್ಟಿಗೆ ತೆರೆದು ನೋಡಿ

ನಮ್ಮಲ್ಲಿ ಈ ಪದವನ್ನು ಅತಿ ಹೆಚ್ಚು ಬಳಸೋದು ಆಫೀಸಿನ ಲೆಕ್ಕದಲ್ಲಿ. ಕನ್ನಡದಲ್ಲಿ ಚಿಲ್ಲರೆ ನಗದು ಅನ್ನುತ್ತಾರೆ, ಸರಿಯಾಗಿಯೇ ಇದೆ. ಹಣ ಕಡಿಮೆ ಇದೆ ಅಂತ ಈ ಹೆಸರಲ್ಲ. ಚೆಕ್ ಬರೆಯುವಷ್ಟು, ಮೇಲಿನವರ ಸಹಿಗೆ ಓಡುವಷ್ಟು ದೊಡ್ಡದಲ್ಲದ ಖರ್ಚಿಗೆ ಬೇರೆ ಇಟ್ಟ ದುಡ್ಡು ಅಂತ.

ಒಂದು ಪುಟ್ಟ ಆಫೀಸು ಅಂದುಕೊಳ್ಳಿ. ಮುಂದಿನ ಮೇಜಿನ ಡ್ರಾಯರಿನಲ್ಲಿ ಬೀಗ ಇರೋ ಒಂದು ಕಬ್ಬಿಣದ ಡಬ್ಬಿ, ಖರ್ಚು ಬರೆದಿಡುವ ಚೀಟಿಗಳ ಒಂದು ವೋಚರ್ ಪುಸ್ತಕ, ದಾರ ಕಟ್ಟಿದ ಪೆನ್ನು. ತಿಂಗಳ ಮೊದಲ ದಿನ ಡಬ್ಬಿಗೆ ₹5,000 ಹಾಕುತ್ತಾರೆ. ಟೀ ಕಾಫಿಗೆ ₹1,240. ಕೊರಿಯರ್ ₹860. ಬ್ಯಾಂಕಿಗೆ, ರಿಜಿಸ್ಟ್ರಾರ್ ಆಫೀಸಿಗೆ ಓಡಾಡಿದ ಆಟೋ ₹1,150. ಝೆರಾಕ್ಸ್ ₹350. ಆಯುಧಪೂಜೆ ಬಂದ ತಿಂಗಳು ಅದು, ಹಾಗಾಗಿ ಹೂವು, ನಿಂಬೆಹಣ್ಣು, ಒಡೆಯೋಕೆ ಬೂದುಗುಂಬಳ ಸೇರಿ ₹780. ಒಟ್ಟು ₹4,380. ಡಬ್ಬಿಯಲ್ಲಿ ₹620 ಉಳಿದಿರಬೇಕು. ಮುಂದಿನ ತಿಂಗಳು ಮತ್ತೆ ₹5,000 ಕೊಡೋದಿಲ್ಲ. ಖರ್ಚಾದ ₹4,380 ಮಾತ್ರ ತುಂಬಿಸಿ ಮತ್ತೆ ₹5,000 ಮಾಡುತ್ತಾರೆ. ಇದಕ್ಕೆ ಇಂಪ್ರೆಸ್ಟ್ ಪದ್ಧತಿ ಅಂತ ಹೆಸರು. ಇದರ ಚೆಂದ ಏನಂದ್ರೆ, ತಿಂಗಳ ಯಾವ ದಿನ ನೋಡಿದರೂ ವೋಚರ್‌ಗಳ ಮೊತ್ತ ಮತ್ತು ಉಳಿದ ನಗದು ಸೇರಿ ₹5,000 ಆಗಲೇಬೇಕು. ಆಗಲಿಲ್ಲ ಅಂದರೆ ಎಲ್ಲೋ ಒಂದು ಆಟೋ ಚೀಟಿ ಬರೆದಿಲ್ಲ, ಇಲ್ಲಾ ಯಾರೋ ಕೈ ಹಾಕಿದ್ದಾರೆ.

ಇಲ್ಲಿ ಪದದ ಬಳಕೆ ಹೀಗೆ: 'ಪೆಟ್ಟಿ ಕ್ಯಾಶಿಂದ ತಗೊಳ್ಳಿ', 'ಪೆಟ್ಟಿ ಕ್ಯಾಶಲ್ಲಿ ತೋರಿಸಿ'. ಅದನ್ನು ನೋಡಿಕೊಳ್ಳುವವರಿಗೆ ಇಂಗ್ಲಿಷಿನಲ್ಲಿ ಪೆಟ್ಟಿ ಕ್ಯಾಶಿಯರ್ ಅಂತಾರೆ. ಅದು ಕೆಲಸದ ಹೆಸರು, ಆತನ ಗುಣವಲ್ಲ. ಆದರೆ 'ದಿಸ್ ಕ್ಯಾಶಿಯರ್ ಈಸ್ ಪೆಟ್ಟಿ' ಅಂತ ತಿರುಗಿಸಿದಿರೋ, ಎರಡು ರೂಪಾಯಿಗೂ ಕಿರಿಕ್ ಮಾಡೋ ಆಸಾಮಿ ಅಂತಾಯಿತು. ಪದಗಳು ಅವೇ. ಜಾಗ ಬದಲಾಗಿದ್ದಕ್ಕೆ ಅರ್ಥವೂ ಬದಲಾಯಿತು. ಪೆಟ್ಟಿ ಅನ್ನೋದು ಈಸ್ ಆದಮೇಲೆ ಬಂದರೆ ಹತ್ತಕ್ಕೆ ಒಂಬತ್ತು ಸಲ ಬೈಗುಳವೇ ಅಂತ ತಿಳಿಯಿರಿ.

ಹೆಜ್ಜೆ 5: ಠಾಣೆಯಲ್ಲಿ, ಕೋರ್ಟಿನಲ್ಲಿ

'ಸುಮ್ನೆ ಒಂದು ಪೆಟ್ಟಿ ಕೇಸ್ ಹಾಕಿ ಕಳಿಸಿದ್ರು' ಅನ್ನೋ ಮಾತು ಕೇಳಿಯೇ ಇರುತ್ತೀರಿ. ದಂಡ ಕಟ್ಟಿ ಮುಗಿಯುವ ಕೇಸು ಅಂತ ಅದರ ಭಾವ. ಕಾನೂನಿನಲ್ಲಿ ಇದಕ್ಕೆ ಗೆರೆ ಎಳೆದೇ ಇಟ್ಟಿದ್ದಾರೆ. ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ 206ನೇ ಸೆಕ್ಷನ್ ಪ್ರಕಾರ, ಹೆಚ್ಚೆಂದರೆ ₹1,000 ದಂಡ ಮಾತ್ರ ಹಾಕಬಹುದಾದ ಅಪರಾಧ ಪೆಟ್ಟಿ ಅಪರಾಧ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 229ನೇ ಸೆಕ್ಷನ್‌ನಲ್ಲಿ ಆ ಗೆರೆ ₹5,000ಕ್ಕೆ ಏರಿದೆ. ಇಂಥ ಕೇಸಿನಲ್ಲಿ ಮ್ಯಾಜಿಸ್ಟ್ರೇಟರು ವಿಶೇಷ ಸಮನ್ಸ್ ಕಳಿಸಬಹುದು. ತಪ್ಪು ಒಪ್ಪಿಕೊಳ್ಳುವವರು ಕೋರ್ಟಿಗೆ ಹೋಗದೆ, ಬರೆದುಕೊಟ್ಟು ದಂಡ ಕಳಿಸಿ ಮುಗಿಸಬಹುದು. ಮೋಟಾರು ವಾಹನ ಕಾಯ್ದೆಯ ದಂಡಗಳು ಈ ಲೆಕ್ಕಕ್ಕೆ ಬರೋದಿಲ್ಲ, ಅವಕ್ಕೆ ಬೇರೆ ದಾರಿ.

ಇಷ್ಟು ಓದಿ 'ಪೆಟ್ಟಿ ಅಂದ್ರೆ ದಂಡ ಕಟ್ಟಿದರಾಯ್ತು' ಅಂದುಕೊಂಡರೆ ಕೆಟ್ಟಿರಿ. ಯಾವ ಅಪರಾಧಕ್ಕೆ ಯಾವ ಶಿಕ್ಷೆ ಅಂತ ಹೇಳುವ ಭಾರತೀಯ ನ್ಯಾಯ ಸಂಹಿತೆಯ 112ನೇ ಸೆಕ್ಷನ್ ಹೆಸರಿನಲ್ಲೂ ಪೆಟ್ಟಿ ಇದೆ: ಪೆಟ್ಟಿ ಆರ್ಗನೈಸ್ಡ್ ಕ್ರೈಮ್. ಗುಂಪು ಕಟ್ಟಿಕೊಂಡು ಜೇಬು ಕತ್ತರಿಸೋದು, ಸರ ಕೀಳೋದು, ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರೋದು, ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾರೋದು ಇದರಲ್ಲಿ ಬರುತ್ತವೆ. ಶಿಕ್ಷೆ ಒಂದು ವರ್ಷಕ್ಕೆ ಕಡಿಮೆ ಇಲ್ಲ, ಏಳು ವರ್ಷದವರೆಗೂ ಹೋಗಬಹುದು, ಜೊತೆಗೆ ದಂಡ. ಇದರ ಹಿಂದಿನ ಸೆಕ್ಷನ್ 111 ದೊಡ್ಡ ಸಂಘಟಿತ ಅಪರಾಧದ್ದು, ಅದರ ಪಕ್ಕದಲ್ಲಿಟ್ಟು ಇದಕ್ಕೆ ಪೆಟ್ಟಿ ಅಂದಿದ್ದಾರೆ. ಪೆಟ್ಟಿ ಟ್ರೀಸನ್ ನೆನಪಾಯ್ತಲ್ವಾ? ಯಾವುದಕ್ಕಿಂತ ಪೆಟ್ಟಿ ಅಂತ ಕೇಳದೆ ಕಾನೂನಿನ ಭಾಷೆಯಲ್ಲಿ ಈ ಪದವನ್ನು ಓದಬಾರದು.

ಹೆಜ್ಜೆ 6: ಪೆಟ್ಟಿ ಆಫೀಸರ್ ಎದುರು ಬಂದರೆ

ಕಾರವಾರದ ಕಡೆ, ಐಎನ್‌ಎಸ್ ಕದಂಬ ನೌಕಾನೆಲೆ ಇರುವಲ್ಲಿ, 'ನಮ್ಮ ಅಳಿಯ ನೇವಿಯಲ್ಲಿ ಪೆಟ್ಟಿ ಆಫೀಸರ್' ಅಂತ ಯಾರಾದರೂ ಹೇಳಿದರೆ 'ಹೋಗ್ಲಿ ಬಿಡಿ, ಮುಂದೆ ದೊಡ್ಡ ಆಫೀಸರ್ ಆಗ್ತಾರೆ' ಅಂತ ಸಮಾಧಾನ ಹೇಳಬೇಡಿ. ಸೀಮನ್, ಲೀಡಿಂಗ್ ಸೀಮನ್ ದಾಟಿ ಬಂದ ಮೇಲೆ ಸಿಗುವ ಹುದ್ದೆ ಅದು, ಭೂಸೇನೆಯ ಹವಾಲ್ದಾರ್ ಹುದ್ದೆಗೆ ಸಮ. ಅದರ ಮೇಲೆ ಚೀಫ್ ಪೆಟ್ಟಿ ಆಫೀಸರ್, ಮಾಸ್ಟರ್ ಚೀಫ್ ಪೆಟ್ಟಿ ಆಫೀಸರ್ ಇದ್ದಾರೆ. ಮಾಸ್ಟರ್, ಚೀಫ್, ಪೆಟ್ಟಿ ಮೂರೂ ಒಂದೇ ಹೆಸರಲ್ಲಿ. ಇಲ್ಲೂ ಪೆಟ್ಟಿ ಅಂದರೆ ಚಿಕ್ಕಪ್ಪನ ಚಿಕ್ಕ.

ಕಾಮಗಾರಿ ಕೆಲಸದಲ್ಲಿ ಪೆಟ್ಟಿ ಕಂಟ್ರಾಕ್ಟರ್ ಅಂತಲೂ ಇದ್ದಾರೆ. ದೊಡ್ಡ ಗುತ್ತಿಗೆದಾರರ ಕೈಯಿಂದ ತುಂಡು ಕೆಲಸ ಹಿಡಿಯುವವರು. ಅದೂ ಅಳತೆಯೇ.

ಹೆಜ್ಜೆ 7: ಪೆಟ್ಟಿ ಅಂಗಡಿಯ ಗೋಜಲು

ನನಗೆ ಇಷ್ಟವಾದ ಭಾಗ ಇದು. ಬಸ್ ಸ್ಟಾಪಿನ ಪಕ್ಕ ನಾಲ್ಕು ಕಾಲಿನ ಮೇಲೆ ನಿಂತ ತಗಡಿನ ಅಂಗಡಿ. ಮುಂದೆ ಗಾಜಿನ ಭರಣಿಯಲ್ಲಿ ಕಡ್ಲೆಮಿಠಾಯಿ, ಮೇಲೆ ತೂಗುಹಾಕಿದ ಶಾಂಪೂ ಪ್ಯಾಕೆಟ್ಟು, ಬದಿಯಲ್ಲಿ ಬಾಳೆಗೊನೆ. ಇಂಗ್ಲಿಷ್ ಪತ್ರಿಕೆಗಳು ಇದನ್ನು ಪೆಟ್ಟಿ ಶಾಪ್ ಅನ್ನುತ್ತವೆ. ನಾವು ಪೆಟ್ಟಿ ಅಂಗಡಿ, ಪೆಟ್ಟಿಗೆ ಅಂಗಡಿ, ಗೂಡಂಗಡಿ ಅನ್ನುತ್ತೇವೆ. ಇದು ಇಂಗ್ಲಿಷಿನ ಪೆಟ್ಟಿಯೋ, ನಮ್ಮ ಪೆಟ್ಟಿಗೆಯೋ? ರಾತ್ರಿ ಹಲಗೆ ಮುಚ್ಚಿ ಬೀಗ ಹಾಕಿದರೆ ಅದು ಥೇಟ್ ಪೆಟ್ಟಿಗೆಯೇ. ತಮಿಳಿನಲ್ಲೂ ಅದು ಪೆಟ್ಟಿಕ್ಕಡೈ, ಅಂದರೆ ಪೆಟ್ಟಿಗೆ ಅಂಗಡಿ. ನನ್ನ ಓಟು ಪೆಟ್ಟಿಗೆಗೆ. ಎರಡು ಭಾಷೆಯ ಎರಡು ಪದ ಒಂದೇ ತಗಡಿನ ಕೆಳಗೆ ಕೂತುಬಿಟ್ಟಿವೆ, ಬೇರೆ ಮಾಡೋಕೆ ಹೋಗೋದು ಯಾಕೆ?

ಬಳಕೆಯ ಮಟ್ಟಿಗೆ ಇಷ್ಟು: ಪೆಟ್ಟಿ ಶಾಪ್ ಅನ್ನೋದು ನಮ್ಮ ಕಡೆಯ ಇಂಗ್ಲಿಷ್. ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಸ್ನೇಹಿತರಿಗೆ ಹೇಳುವಾಗ ಕಿಯೋಸ್ಕ್ ಅಥವಾ ಸ್ಮಾಲ್ ಶಾಪ್ ಅನ್ನಿ. ಪೆಟ್ಟಿ ಶಾಪ್ ಅಂದರೆ, ಗಿರಾಕಿಗಳ ಜೊತೆ ಜಗಳಕ್ಕೆ ನಿಲ್ಲುವ ಅಂಗಡಿಯೇನೋ ಅಂದುಕೊಂಡಾರು.

ಹೆಜ್ಜೆ 8: ಬೈಯಲಿಕ್ಕೇ ಬೇಕಾದಾಗ

ಬೈಗುಳವಾಗಿ ಇದು ಬಹಳ ನಿಖರವಾದ ಪದ. ದುಷ್ಟ ಅಂತಲ್ಲ, ಕಳ್ಳ ಅಂತಲ್ಲ. ಲೆಕ್ಕಕ್ಕೆ ತಗೋಬಾರದ್ದನ್ನು ಲೆಕ್ಕ ಇಟ್ಟುಕೊಳ್ಳುವವರು ಅಂತ. ಮದುವೆಯಲ್ಲಿ ತಮಗೆ ಎರಡನೇ ಪಂಕ್ತಿಯಲ್ಲಿ ಊಟ ಹಾಕಿದರು ಅಂತ ನಿಮ್ಮ ಗೃಹಪ್ರವೇಶಕ್ಕೆ ಬಾರದವರು. ಹೋಟೆಲ್ ಬಿಲ್ ಹಂಚಿಕೊಳ್ಳುವಾಗ 'ನಾನು ವಡೆ ತಿಂದಿಲ್ಲ' ಅನ್ನುವವರು. ವಾಟ್ಸಾಪಿನಲ್ಲಿ ನೀಲಿ ಗೆರೆ ಬಂದರೂ ಉತ್ತರ ಬರಲಿಲ್ಲ ಅಂತ, ತಾವೂ ಅಷ್ಟೇ ಹೊತ್ತು ಬಿಟ್ಟು ಉತ್ತರಿಸುವವರು. 'ಡೋಂಟ್ ಬಿ ಪೆಟ್ಟಿ' ಅಂದರೆ 'ಇಷ್ಟಕ್ಕೆಲ್ಲಾ ಏನು, ಬಿಟ್ಹಾಕು' ಅಂತ. ಪೆಟ್ಟಿ ರಿವೆಂಜ್ ಅಂದರೆ ಇಂಥ ಪುಟಾಣಿ ಸೇಡು. ಪೆಟ್ಟಿ ಪಾಲಿಟಿಕ್ಸ್ ಅಂದರೆ ಕೀಳು ರಾಜಕೀಯ, ಆಫೀಸಿನದೂ ಇರಬಹುದು, ವಿಧಾನಸೌಧದ್ದೂ ಇರಬಹುದು.

ಈಚೆಗೆ ಹುಡುಗ ಹುಡುಗಿಯರು ಇದನ್ನು ತಮಗೆ ತಾವೇ ಹೇಳಿಕೊಳ್ಳುತ್ತಾರೆ, ಅದೂ ನಗುತ್ತಾ: 'ಐ ಆಮ್ ಬೀಯಿಂಗ್ ಪೆಟ್ಟಿ, ಬಟ್...' ಅಂದರೆ 'ಸಣ್ಣತನ ಅಂತ ಗೊತ್ತು, ಆದ್ರೂ ಮಾಡ್ತೀನಿ'. ತಮ್ಮ ಬಗ್ಗೆ ಹೇಳಿಕೊಂಡರೆ ತಮಾಷೆ. ಅದನ್ನೇ ಮ್ಯಾನೇಜರ್ ಬಗ್ಗೆ ಗ್ರೂಪಿನಲ್ಲಿ ಬರೆದರೆ ತಮಾಷೆ ಉಳಿಯೋದಿಲ್ಲ.

ಹೆಜ್ಜೆ 9: ಬದಲಿಗೆ ಯಾವ ಪದ?

ಮೈನರ್ ಅನ್ನೋದು ಎಲ್ಲಕ್ಕಿಂತ ಸುರಕ್ಷಿತ. ಮೈನರ್ ಕರೆಕ್ಷನ್ಸ್, ಮೈನರ್ ಇಶ್ಯೂ, ಮೈನರ್ ಡಿಲೇ. ಯಾರಿಗೂ ನೋವಾಗಲ್ಲ. ಆಫೀಸಿನ ಮೇಲ್‌ನಲ್ಲಿ ಕೈ ಪೆಟ್ಟಿ ಕಡೆ ಹೋದರೆ ಇದನ್ನೇ ಹಾಕಿ.

ಟ್ರಿವಿಯಲ್ ಸ್ವಲ್ಪ ಜಾರು. ತಲೆ ಕೆಡಿಸಿಕೊಳ್ಳುವಷ್ಟಿಲ್ಲ ಅಂತ ಅರ್ಥ. ನಿಮ್ಮ ಕೆಲಸಕ್ಕೆ ನೀವೇ ಟ್ರಿವಿಯಲ್ ಅಂದರೆ ವಿನಯ, ಬೇರೆಯವರ ಕಷ್ಟಕ್ಕೆ ಅಂದರೆ ಉಡಾಫೆ. ಗ್ರಾಹಕರೊಬ್ಬರು ದೂರು ಕೊಟ್ಟಾಗ 'ಯುವರ್ ಟ್ರಿವಿಯಲ್ ಪ್ರಾಬ್ಲಮ್' ಅಂತಲೂ ಬೇಡ, 'ಪೆಟ್ಟಿ ಪ್ರಾಬ್ಲಮ್' ಅಂತ ಮೊದಲೇ ಬೇಡ.

ಮೊತ್ತ ನಗೆಪಾಟಲಿನಷ್ಟು ಕಡಿಮೆ ಅನ್ನಬೇಕೆಂದರೆ ಪಾಲ್ಟ್ರಿ. ವರ್ಷವಿಡೀ ದುಡಿಸಿ ಇನ್ನೂರು ರೂಪಾಯಿ ಸಂಬಳ ಏರಿಸಿದರೆ ಅದು ಪಾಲ್ಟ್ರಿ. ಅಲ್ಲಿ ಕೋಪ ಇರುತ್ತದೆ, ಇರಲೂಬೇಕು. ಮತ್ತೆ ಪೆಟೀಟ್ ಅನ್ನೋದನ್ನು ಇದರ ಜೊತೆ ಕಲಸಬೇಡಿ. ಅದೂ ಅದೇ ಫ್ರೆಂಚ್ ಮನೆಯದೇ, ಆದರೆ ಕುಳ್ಳಗೆ, ಸಣ್ಣ ಮೈಕಟ್ಟಿನ ಹೆಂಗಸರಿಗೆ ಹೇಳುವ ಒಳ್ಳೆ ಮಾತು. ಬಟ್ಟೆ ಅಂಗಡಿಯ ಅಳತೆ ಚೀಟಿಯಲ್ಲಿ ಕಾಣುತ್ತದೆ.

ಹೆಜ್ಜೆ 10: ಕನ್ನಡಕ್ಕೆ ತರುವಾಗ

ಒಂದೇ ಪದ ಹಿಡಿದು ಎಲ್ಲಾ ಕಡೆ ಅಂಟಿಸಬೇಡಿ. ದುಡ್ಡಿಗೆ ಚಿಲ್ಲರೆ. ಕೇಸಿಗೆ ಸಣ್ಣಪುಟ್ಟ ಅಥವಾ ಲಘು. ಗುಣಕ್ಕೆ ಸಣ್ಣತನ, ಅಲ್ಪತನ. ನೌಕಾಪಡೆಯ ಹುದ್ದೆಯನ್ನು ಹಾಗೇ ಬಿಡಿ, 'ಕ್ಷುದ್ರ ಅಧಿಕಾರಿ' ಅಂತ ಅನುವಾದ ಮಾಡಿದರೆ ಅವರು ಬಂದೂಕು ಹುಡುಕಿಯಾರು.

ಉಳಿದಿದ್ದು ಪತ್ರಿಕೆಯ ಮೆಚ್ಚಿನ ಪದ, ಕ್ಷುಲ್ಲಕ. ಪೆಟ್ಟಿ ಕ್ವಾರಲ್ ಅಂತ ಬಂದರೆ ಕೈ ತಾನಾಗೇ 'ಕ್ಷುಲ್ಲಕ ಕಾರಣಕ್ಕೆ ಜಗಳ' ಅಂತ ಬರೆಯುತ್ತದೆ. ನಾನು ಅದನ್ನು ಆದಷ್ಟು ಬಿಡುತ್ತೇನೆ. ಬದುವಿನ ಒಂದು ಮೊಳ ಜಾಗಕ್ಕೋ, ನಲ್ಲಿಯಲ್ಲಿ ಎರಡು ಕೊಡ ನೀರಿಗೋ ಹೊಡೆದಾಡಿದವರ ಸುದ್ದಿಗೂ ಅದೇ ಪದ ಬೀಳುತ್ತದೆ. ಮೂರು ದಿನಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ ಎರಡು ಕೊಡ ಕ್ಷುಲ್ಲಕವೇ? ಅಂಥ ಕಡೆ 'ನೀರಿನ ವಿಚಾರಕ್ಕೆ ಜಗಳ' ಅಂತ ಕಾರಣವನ್ನೇ ಬರೆಯಿರಿ, ಸಣ್ಣದೋ ದೊಡ್ಡದೋ ಓದುವವರು ನೋಡಿಕೊಳ್ಳುತ್ತಾರೆ.